ಜಾಂಡೀಸ್‌ಗೆ ನೆಲನೆಲ್ಲಿ: ನಿಜವಾಗ್ಲೂ ರಿಸರ್ಚ್ ಆಗಿದ್ಯಾ?

ಚೈತ್ರದಚಿಗುರು
ಎಲ್ರಿಗೂ ನಮಸ್ಕಾರ. ನನ್ನ ಮೈದುನನಿಗೆ ಜಾಂಡೀಸ್ ಆಗಿದೆ, 22 ವರ್ಷದ ಹುಡುಗ, ಹಾಸ್ಟೆಲಿಂದ ಬರ್ತಾನೇ ಕಣ್ಣು ಹಳದಿ ಮಾಡ್ಕೊಂಡು ಬಂದ. ರಕ್ತದಲ್ಲಿ ಹಳದಿ ಬಣ್ಣದ ಬಿಲಿರುಬಿನ್ 9.2, ಲಿವರ್‌ಗೆ ಪೆಟ್ಟಾಗಿರೋದು ತೋರಿಸೋ ಎಸ್‌ಜಿಪಿಟಿ 1840. ಡಾಕ್ಟ್ರು ರೆಸ್ಟ್ ಮಾಡ್ಲಿ, ಸೇರಿದಷ್ಟು ಊಟ ಮಾಡ್ಲಿ, ವಾರ ಬಿಟ್ಟು ಮತ್ತೆ ಟೆಸ್ಟ್ ಮಾಡ್ಸಿ ಅಂತ ಹೇಳಿ ವಾಂತಿಗೆ ಒಂದು ಮಾತ್ರೆ ಬರೆದ್ರು ಅಷ್ಟೆ. ಅತ್ತೆಗೆ ಅದೇ ಸಿಟ್ಟು, ಇಷ್ಟು ಹಳದಿ ಇದ್ರೂ ಔಷಧಿನೇ ಕೊಡದ ಇವ್ರು ಯಾವ ಸೀಮೆ ಡಾಕ್ಟ್ರು ಅಂತ. ಅವ್ರ ತವರೂರಿನ ಹತ್ರ ಒಬ್ರು ನಾಟಿ ವೈದ್ಯರಿದ್ದಾರೆ, ಭಾನುವಾರ ಗುರುವಾರ ಬೆಳಗ್ಗೆ ಖಾಲಿ ಹೊಟ್ಟೆಗೆ ಸೊಪ್ಪಿನ ರಸ ಕೊಡ್ತಾರೆ, ಯಾವ ಸೊಪ್ಪು ಅಂತ ಹೇಳಲ್ಲ, ಊರೋರೆಲ್ಲ ನೆಲನೆಲ್ಲಿ ಅಂತಾರೆ. ಮನೇಲಿ ಜಗಳ ಮಾಡೋಕೆ ನನಗೆ ಇಷ್ಟ ಇಲ್ಲ. ನೆಲನೆಲ್ಲಿ ಮೇಲೆ ಸರಿಯಾದ ರಿಸರ್ಚ್ ಏನಾದ್ರೂ ಆಗಿದ್ಯಾ, ಗೊತ್ತಿರೋರು ಹೇಳಿ ಪ್ಲೀಸ್.

ಮದ್ದೂರ್_ವಡೆ
ಅಕ್ಕ, ಸುಮ್ನೆ ಕರ್ಕೊಂಡೋಗಿ. ನಮ್ ಮಾವಂಗೆ ಹಿಂಗೇ ಆಗಿತ್ತು, ಕಣ್ಣು ಉಗುರು ಎಲ್ಲಾ ಅರಿಶಿನ ಬಳ್ದಂಗೆ. ಮೂರು ಸಲ ಕುಡುದ್ರು, ಉಪ್ಪು ಎಣ್ಣೆ ಇಲ್ದೆ ಪಥ್ಯ ಮಾಡುದ್ರು, ಹದಿನೈದು ದಿನಕ್ಕೆ ಗದ್ದೆಗೆ ಇಳುದ್ರು. ಇಂಗ್ಲೀಷ್ ಮೆಡಿಸಿನ್‌ನಲ್ಲಿ ಜಾಂಡೀಸ್‌ಗೆ ಔಷಧಿನೇ ಇಲ್ಲ ಅಂತ ಡಾಕ್ಟ್ರುಗಳೇ ಒಪ್ಕೋತಾರೆ. ಕಣ್ಣೆದುರಿಗೆ ವಾಸಿ ಆಗಿರೋವಾಗ ರಿಸರ್ಚ್ ಗಿಸರ್ಚ್ ಕಟ್ಕೊಂಡು ಏನಾಗ್ಬೇಕು.

ಲ್ಯಾಬ್‌ಸುಬ್ಬು
ಲ್ಯಾಬಲ್ಲಿ ಕೆಲ್ಸ ಮಾಡ್ತೀನಿ, ದಿನಾ ಇದೇ ರಿಪೋರ್ಟ್‌ಗಳು. ಮೊದಲು ಒಂದು ವಿಷ್ಯ: ಜಾಂಡೀಸ್ ಅನ್ನೋದು ಕಾಯಿಲೆ ಅಲ್ಲ, ಲಕ್ಷಣ. ವೈರಸ್ಸಿಂದ ಲಿವರ್ ಊದೋ ಹೆಪಟೈಟಿಸ್ ಎ, ಇ ಆದ್ರೂ ಕಣ್ಣು ಹಳದಿ, ಬಿ ಆದ್ರೂ ಹಳದಿ, ಪಿತ್ತನಾಳದಲ್ಲಿ ಕಲ್ಲು ಸಿಕ್ಕಿದ್ರೂ ಹಳದಿ, ಇಲಿಜ್ವರ, ಕುಡಿತದ ಲಿವರ್, ರಕ್ತ ಒಡೆಯೋ ಕಾಯಿಲೆ, ಮೇದೋಜೀರಕದ ಕ್ಯಾನ್ಸರ್, ಎಲ್ಲಾದ್ರಲ್ಲೂ ಹಳದಿ. ವೈದ್ಯರ ಜಗುಲಿ ಮುಂದೆ ಇವ್ರೆಲ್ಲ ಒಂದೇ ಸಾಲಲ್ಲಿ ಕೂತು ಒಂದೇ ಲೋಟದ ರಸ ಕುಡೀತಾರೆ.

ನಿಮ್ಮ ಮೈದುನನ ವಯಸ್ಸು, ಹಾಸ್ಟೆಲ್ ನೀರು, ಎಸ್‌ಜಿಪಿಟಿ ಸಾವಿರದ ಮೇಲಿರೋದು ನೋಡಿದ್ರೆ ಹೆಪಟೈಟಿಸ್ ಎ ಅಥವಾ ಇ ಇರಬಹುದು ಅನ್ಸತ್ತೆ, ಆದ್ರೆ ಅನ್ಸಿದ್ದು ಸಾಕಾಗಲ್ಲ, ಟೆಸ್ಟ್ ಮಾಡ್ಸಿ. ಐಜಿಎಂ ಆಂಟಿ ಎಚ್‌ಎವಿ, ಐಜಿಎಂ ಆಂಟಿ ಎಚ್‌ಇವಿ, ಎಚ್‌ಬಿಎಸ್‌ಎಜಿ, ಈ ಮೂರು, ಎ, ಇ, ಬಿ ಯಾವ್ದು ಅಂತ ತಿಳಿಯೋಕೆ. ಜೊತೆಗೆ ರಕ್ತ ಹೆಪ್ಪುಗಟ್ಟೋದನ್ನ ಅಳೆಯೋ ಪಿಟಿ ಐಎನ್‌ಆರ್ ಬರೆಸ್ಕೊಳ್ಳಿ. ಜನ ಬಿಲಿರುಬಿನ್ ನಂಬರ್ ನೋಡ್ಕೊಂಡೇ ಗಾಬರಿ ಆಗ್ತಾರೆ, ಲಿವರ್ ನಿಜವಾಗ್ಲೂ ಸೋಲ್ತಾ ಇದ್ಯಾ ಅಂತ ತಿಳಿಯೋದು ಐಎನ್‌ಆರ್‌ನಲ್ಲಿ.

ಮದ್ದೂರ್ ಅಣ್ಣಾ, ನಿಮ್ಮ ಮಾವ ವಾಸಿ ಆದ್ರು ಅನ್ನೋದ್ರಲ್ಲಿ ನಂಗೇನೂ ಅನುಮಾನ ಇಲ್ಲ. ಎ ಮತ್ತು ಇ ವೈರಸ್‌ದು ಕತೆ ಹೆಂಗಂದ್ರೆ, ಕಣ್ಣು ಹಳದಿ ಆಗೋ ಹೊತ್ತಿಗೆ ವೈರಸ್ಸಿನ ಆರ್ಭಟ ಅರ್ಧ ಮುಗ್ದಿರತ್ತೆ. ಮೊದಲು ಜ್ವರ, ಊಟ ಕಂಡ್ರೆ ವಾಕರಿಕೆ, ಸುಸ್ತು, ಎಸ್‌ಜಿಪಿಟಿ ಸರ್ರಂತ ಮೇಲೆ ಹೋಗತ್ತೆ. ಆಮೇಲೆ ಹಳದಿ ಕಾಣ್ಸೋದು. ಹಳದಿ ಕಂಡು, ನೆಂಟರಿಷ್ಟರೆಲ್ಲ ಸೇರಿ ತೀರ್ಮಾನ ಮಾಡಿ ವೈದ್ಯರ ಹತ್ರ ಹೋಗೋವಾಗ ಎಸ್‌ಜಿಪಿಟಿ ತಾನಾಗೇ ಇಳೀತಾ ಇರತ್ತೆ, ಬಿಲಿರುಬಿನ್ ಅದರ ಹಿಂದೆ ನಿಧಾನಕ್ಕೆ ಇಳಿಯತ್ತೆ. ಮೋಡ ಕಟ್ಟಿದ್ಮೇಲೆ ಕಪ್ಪೆ ಮದುವೆ ಮಾಡ್ಸಿದ್ರೆ ಮಳೆ ಬಂದೇ ಬರತ್ತಲ್ವಾ ಹಂಗೆ. ಎರಡರಿಂದ ಆರು ವಾರದೊಳಗೆ ಬಹುತೇಕ ಎಲ್ರೂ ಹುಷಾರಾಗ್ತಾರೆ, ರಸ ಕುಡಿದ್ರೂ ಕುಡೀದಿದ್ರೂ.

ಓದೋಹುಳ
ಮೂಲ ಪ್ರಶ್ನೆಗೆ ಬರ್ತೀನಿ, ಸ್ವಲ್ಪ ಉದ್ದ ಆಗತ್ತೆ. ರಿಸರ್ಚ್ ಆಗಿದೆ, ಚೆನ್ನಾಗೇ ಆಗಿದೆ, ಅದೂ ನಮ್ಮ ಪಕ್ಕದ ಮದ್ರಾಸಲ್ಲೇ. ಅದರ ಕತೆ ಗೊತ್ತಿದ್ರೆ ನೆಲನೆಲ್ಲಿ ಬಗ್ಗೆ ವಾಟ್ಸಾಪಲ್ಲಿ ಬರೋ ಅರ್ಧ ಫಾರ್ವರ್ಡ್‌ಗಳು ಎಲ್ಲಿಂದ ಹುಟ್ಟಿದ್ದು ಅಂತ ಅರ್ಥ ಆಗತ್ತೆ.

ಹೆಪಟೈಟಿಸ್ ಬಿ ವೈರಸ್ ಕಂಡುಹಿಡಿದು 1976ರಲ್ಲಿ ನೊಬೆಲ್ ತಗೊಂಡ ಬರೂಕ್ ಬ್ಲಂಬರ್ಗ್ ಗೊತ್ತಿರಬಹುದು. ಅವ್ರ ಗುಂಪಿನವರು ಜಾಂಡೀಸ್‌ಗೆ ಬಳಸೋ ಗಿಡಗಳನ್ನ ಪರೀಕ್ಷೆ ಮಾಡ್ತಾ ನೆಲನೆಲ್ಲಿ ಜಾತಿಗೆ ಬಂದ್ರು. ಅಮೇರಿಕದಲ್ಲಿ ವುಡ್‌ಚಕ್ ಅಂತ ಒಂದು ದಪ್ಪ ಅಳಿಲಿನಂಥ ಪ್ರಾಣಿ ಇದೆ, ಅದಕ್ಕೆ ನಮ್ಮ ಹೆಪಟೈಟಿಸ್ ಬಿ ಥರದ್ದೇ ವೈರಸ್ ಬರತ್ತೆ. ಅದಕ್ಕೆ ಈ ಗಿಡದ ಸಾರ ಕೊಟ್ಟು ನೋಡಿದಾಗ ಕೆಲವದ್ರಲ್ಲಿ ವೈರಸ್ ಕಮ್ಮಿ ಆಯ್ತು ಅಂತ 1987ರಲ್ಲಿ ಪೇಪರ್ ಬಂತು. ಮರುವರ್ಷ, 1988ರಲ್ಲಿ, ಮದ್ರಾಸಿನ ತ್ಯಾಗರಾಜನ್ ಮತ್ತು ಸಂಗಡಿಗರು ಬ್ಲಂಬರ್ಗ್ ಜೊತೆ ಸೇರಿ ಮನುಷ್ಯರ ಮೇಲೆ ಮಾಡಿದ ಟ್ರಯಲ್ ಲ್ಯಾನ್ಸೆಟ್ ಅನ್ನೋ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲೇ ಪ್ರಕಟ ಆಯ್ತು. ಹೆಪಟೈಟಿಸ್ ಬಿ ವೈರಸ್ ಮೈಯಲ್ಲಿ ಹೊತ್ಕೊಂಡಿರೋ ಕ್ಯಾರಿಯರ್‌ಗಳಿಗೆ ಒಣಗಿಸಿದ ಗಿಡದ ಪುಡಿ 200 ಮಿಲಿಗ್ರಾಂ, ದಿನಕ್ಕೆ ಮೂರು ಸಲ, 30 ದಿನ. ಇನ್ನೊಂದು ಗುಂಪಿಗೆ ಪ್ಲಸೀಬೊ, ಅಂದ್ರೆ ನೋಡೋಕೆ ಔಷಧಿ ಥರಾನೇ ಇರೋ ಸುಳ್ಳು ಔಷಧಿ. ಪುಡಿ ತಗೊಂಡ 37 ಜನರಲ್ಲಿ 22 ಜನರ ರಕ್ತದಲ್ಲಿ ಸರ್ಫೇಸ್ ಆಂಟಿಜನ್, ಅಂದ್ರೆ ವೈರಸ್ ಇದೆ ಅಂತ ತೋರಿಸೋ ಗುರುತು, ಮಾಯ! ಪ್ಲಸೀಬೊದಲ್ಲಿ 23ಕ್ಕೆ ಒಬ್ಬರು. ಇಂಥ ಕ್ಯಾರಿಯರ್‌ಗಳಲ್ಲಿ ತಾನಾಗೇ ಆಂಟಿಜನ್ ಹೋಗೋದು ವರ್ಷಕ್ಕೆ ನೂರರಲ್ಲಿ ಒಬ್ಬರ ಆಸುಪಾಸು, ಹಾಗಾಗಿ ಇದು ಎಂಥ ಸುದ್ದಿ ಅಂತ ನೀವೇ ಯೋಚನೆ ಮಾಡಿ.

ಇಷ್ಟಕ್ಕೇ ಯೂಟ್ಯೂಬ್ ವಿಡಿಯೋಗಳು ಮುಗಿಯತ್ವೆ. ಮುಂದಿನದ್ದು ಯಾರೂ ಹೇಳಲ್ಲ. 1990ರಲ್ಲಿ ಥಾಯ್ಲೆಂಡಿನವ್ರು ಅದೇ ಪ್ರಯೋಗ ಮಾಡಿದ್ರು, ಫಲ ಇಲ್ಲ, ಅದೂ ಲ್ಯಾನ್ಸೆಟಲ್ಲೇ ಬಂತು. 1994ರಲ್ಲಿ ನ್ಯೂಜಿಲೆಂಡಿನಲ್ಲಿ ಮಾಡಿದ್ರು, ಅಲ್ಲೂ ಇಲ್ಲ. 2011ರಲ್ಲಿ ಟ್ರಯಲ್‌ಗಳನ್ನ ಸೇರಿಸಿ ತೂಗಿ ನೋಡೋ ಕಾಕ್ರೇನ್ ಸಂಸ್ಥೆಯವ್ರು ದೀರ್ಘಕಾಲದ ಹೆಪಟೈಟಿಸ್ ಬಿ ರೋಗಿಗಳ ಮೇಲಿನ 16 ಟ್ರಯಲ್, 1326 ರೋಗಿಗಳು, ಒಟ್ಟಿಗೆ ಹಾಕ್ಕೊಂಡು ಕೂತ್ರು. ಅದರಲ್ಲಿ ಪ್ಲಸೀಬೊ ಜೊತೆ ಹೋಲಿಸಿದ್ದು ಒಂದೇ ಒಂದು, ಅದರಲ್ಲೂ ಗಿಡ ಗೆಲ್ಲಲಿಲ್ಲ. ಮಿಕ್ಕಿದ್ದೆಲ್ಲ ಆಂಟಿವೈರಲ್ ಮಾತ್ರೆ ಜೊತೆ ಈ ಗಿಡಾನೂ ಕೊಟ್ಟು ನೋಡಿದ್ದು, ಅಲ್ಲಿ ಸ್ವಲ್ಪ ಲಾಭ ಕಂಡ್ರೂ ಪ್ರಯೋಗಗಳನ್ನ ಮಾಡಿದ ರೀತಿನೇ ನಂಬೋ ಹಾಗಿರ್ಲಿಲ್ಲ.

ನಂಗೆ ಇಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ಸೋದು ಬೇರೆ. ಮದ್ರಾಸ್ ಟ್ರಯಲ್ ಮಾಡಿದ್ದು ಕಣ್ಣು ಹಳದಿ ಆಗಿರೋರ ಮೇಲೆ ಅಲ್ವೇ ಅಲ್ಲ! ವರ್ಷಗಟ್ಲೆ ವೈರಸ್ ಇಟ್ಕೊಂಡು ಓಡಾಡ್ಕೊಂಡಿರೋ ಕ್ಯಾರಿಯರ್‌ಗಳ ಮೇಲೆ. ಹೆಪಟೈಟಿಸ್ ಎ, ಇ ಬಂದವರಿಗೂ ಅದಕ್ಕೂ ಸಂಬಂಧಾನೇ ಇಲ್ಲ. ಒಂದು ಪ್ರಶ್ನೆಗೆ ಸಿಕ್ಕ ಉತ್ತರಾನ ಎತ್ಕೊಂಡು ಬಂದು ಇನ್ನೊಂದು ಪ್ರಶ್ನೆ ಮುಂದೆ ಇಟ್ಟು "ವಿಜ್ಞಾನಾನೇ ಒಪ್ಪಿದೆ" ಅಂತಿದ್ದಾರೆ. ಹೊಸದಾಗಿ ಬಂದ ಹೆಪಟೈಟಿಸ್ ಮೇಲೆ 1999ರಲ್ಲಿ ಕೇರಳದಿಂದ ಒಂದು ಟ್ರಯಲ್ ಬಂದಿದೆ, ಪುಡಿ ತಗೊಂಡಿದ್ರಿಂದ ಕಾಮಾಲೆ ಬೇಗ ಇಳೀತು ಅಂತ ಅದರಲ್ಲಿ ಕಂಡುಬರ್ಲಿಲ್ಲ.

ಹುಬ್ಬಳ್ಳಿ_ಗಿರ್ಮಿಟ್
ನಮ್ಮ ಕಡೆ ಇದಕ್ಕ ಕಾಮಣಿ ಅಂತೀವ್ರೀ. ಓದೋಹುಳ ಅವ್ರ, ಭಾಳ ಛಲೋ ಬರದೀರಿ, ಆದ್ರ ಒಂದು ಮಾತು ಬಿಟ್ರಿ. ಅದೇ ಬ್ಲಂಬರ್ಗ್ ಸಾಹೇಬ್ರ ಮಂದಿ ಈ ಗಿಡದ ಮ್ಯಾಲೆ ಅಮೇರಿಕಾದಾಗ ಪೇಟೆಂಟ್ ಸೈತ ತಗೊಂಡಿದ್ರು. ನಮ್ಮ ಅಜ್ಜಿ ಹಿತ್ತಲದಾಗ ಕಿತ್ತು ಅರದು ಕೊಡೂದಕ್ಕ ಅವ್ರದೇನ್ ಪೇಟೆಂಟ್? ನಮ್ಮ ಮಂದಿಗೆ ರಿಸರ್ಚ್ ಅಂದ್ರ ಸಂಶಯ ಬರೂದು ಇದಕ್ಕ ನೋಡ್ರಿ. ಲಾಭ ಕಂಡ್ರ ಅವ್ರದು, ಕಾಣಲಿಲ್ಲಂದ್ರ "ಅಂಧಶ್ರದ್ಧೆ" ಅಂತ ನಮ್ಮ ತಲಿಗೆ.

ಇನ್ನೊಂದು, ಗಿಡ ಒಂದೇ ಇತ್ತೇನು? ನೆಲನೆಲ್ಲಿ ಅಂತ ಹಳ್ಳ್ಯಾಗ ಮೂರು ನಾಕು ಥರದ್ದು ಕೀಳ್ತಾರ. ಹಸರು ಕಾಂಡದ್ದು ಒಂದು, ಕೆಂಪು ಕಾಂಡದ್ದು ಒಂದು, ಎಲ್ಲಾದಕ್ಕೂ ಎಲಿ ಕೆಳಗ ಸಾಲಾಗಿ ಸಣ್ಣ ಕಾಯಿ ಇರ್ತಾವ, ಗೊತ್ತಿಲ್ಲದವರಿಗೆ ಎಲ್ಲಾ ಒಂದ ಕಾಣ್ತಾವ. ಮದ್ರಾಸದಾಗ ಬೆಳದದ್ದು ಬ್ಯಾರೆ, ಥಾಯ್ಲೆಂಡದಾಗ ಬೆಳದದ್ದು ಬ್ಯಾರೆ ಇರಬೌದಲ್ಲ?

ಓದೋಹುಳ
ಗಿರ್ಮಿಟ್ ಸರ್, ಪೇಟೆಂಟ್ ವಿಷ್ಯ ನಿಜ, ಸಿಟ್ಟು ಬರೋದು ನ್ಯಾಯಾನೇ. ಆದ್ರೆ ಪೇಟೆಂಟ್ ಇಟ್ಕೊಂಡು ಅವ್ರು ದುಡ್ಡು ಮಾಡೋ ಔಷಧಿ ಅದರಿಂದ ಹುಟ್ಟಲೇ ಇಲ್ಲ, ಅದೂ ಒಂದು ಸಾಕ್ಷಿ ಅಲ್ವಾ. ಕೆಲಸ ಮಾಡಿದ್ರೆ ಕಂಪನಿಗಳು ಬಿಡ್ತಿದ್ವಾ. ಗಿಡದ ಗುರುತಿನ ಪ್ರಶ್ನೆ ಗಟ್ಟಿ ಪ್ರಶ್ನೆ. ಆ ಜಾತಿಯಲ್ಲಿ ಅಮಾರಸ್, ನಿರೂರಿ, ಯೂರಿನೇರಿಯಾ ಅಂತ ಬೇರೆ ಬೇರೆ ಇವೆ, ಹಳೇ ಪೇಪರ್‌ಗಳಲ್ಲೇ ಹೆಸರು ಕಲಸುಮೇಲೋಗರ ಆಗಿದೆ, ಮಣ್ಣು ಹವೆ ಬದಲಾದ್ರೆ ಒಳಗಿನ ಅಂಶಾನೂ ಬದಲಾಗತ್ತೆ. ಆದ್ರೆ ಅದೇ ಮಾತು ಊರಿನ ವೈದ್ಯರಿಗೂ ಅನ್ವಯ ಆಗ್ಬೇಕಲ್ಲ? ಸೊಪ್ಪಿನ ಹೆಸರು ಹೇಳಿದ್ರೆ ಔಷಧಿ ಶಕ್ತಿ ಹೋಗತ್ತೆ ಅಂತ ಮುಚ್ಚಿಟ್ರೆ ಇವತ್ತು ಲೋಟದಲ್ಲಿರೋದು ಹೋದ ವಾರದ್ದೇ ಗಿಡಾನಾ ಅಂತ ಯಾರಿಗೆ ಗೊತ್ತು.

ಬಿಎಎಂಎಸ್_ಭಟ್ರು
ನಾನು ಆಯುರ್ವೇದ ವೈದ್ಯ, ಶಿರಸಿ ಕಡೆಯವನು. ಇಲ್ಲಿ ಎಲ್ಲಾರೂ ನಾಟಿ ವೈದ್ಯ, ಆಯುರ್ವೇದ, ಅಜ್ಜಿಮದ್ದು ಮೂರನ್ನೂ ಒಂದೇ ಚೀಲಕ್ಕೆ ತುಂಬ್ತಾ ಇದ್ದೀರಿ, ಅದು ಸರಿ ಅಲ್ಲ. ಲ್ಯಾಬ್‌ಸುಬ್ಬು ಹೇಳಿದ ಭೇದ ಚರಕದಲ್ಲೇ ಉಂಟು. ಪಾಂಡು ಚಿಕಿತ್ಸೆಯ ಅಧ್ಯಾಯದಲ್ಲಿ ಕಾಮಲಾ ಎರಡು ಬಗೆ ಹೇಳ್ತಾರೆ, ಕೋಷ್ಠಾಶ್ರಿತ ಮತ್ತು ಶಾಖಾಶ್ರಿತ. ಎರಡನೆಯದರಲ್ಲಿ ಪಿತ್ತದ ದಾರಿ ಕಟ್ಟಿಕೊಂಡು ಮಲ ಎಳ್ಳು ಅರೆದ ಹಿಟ್ಟಿನ ಹಾಗೆ ಬಿಳಿಚಿಕೊಳ್ತದೆ ಅಂತ ಲಕ್ಷಣ ಕೊಟ್ಟಿದ್ದಾರೆ. ಇವತ್ತು ನೀವು ಅಬ್‌ಸ್ಟ್ರಕ್ಟಿವ್ ಜಾಂಡೀಸ್ ಅಂತ ಹೇಳೋದಕ್ಕೆ ಹತ್ತಿರದ ವರ್ಣನೆ. ಎರಡಕ್ಕೂ ಚಿಕಿತ್ಸೆ ಬೇರೆ. ನೆಲನೆಲ್ಲಿ, ನಮ್ಮ ಭಾಷೆಯಲ್ಲಿ ಭೂಮ್ಯಾಮಲಕಿ, ಇಡೀ ಚಿಕಿತ್ಸೆಯ ಒಂದು ಭಾಗ ಅಷ್ಟೇ. ವಿರೇಚನ ಅಂದ್ರೆ ಭೇದಿ ಮಾಡಿಸೋದು, ಪಥ್ಯ, ರೋಗಿಯ ಬಲ ಎಲ್ಲಾ ನೋಡಿ ಕೊಡೋದು. ಒಂದೇ ಪುಡಿ ಎಲ್ಲಾರಿಗೂ ಕೊಟ್ಟು 30 ದಿನಕ್ಕೆ ಲೆಕ್ಕ ಹಾಕಿದ್ರೆ ಅದು ಆಯುರ್ವೇದದ ಪರೀಕ್ಷೆ ಹೇಗಾಗ್ತದೆ? ಒಬ್ಬೊಬ್ಬ ರೋಗಿಗೆ ಒಂದೊಂದು ಔಷಧಿ ಕೊಡೋ ಪದ್ಧತಿಗೆ ಡಬಲ್ ಬ್ಲೈಂಡ್ ಟ್ರಯಲ್ ಹೊಂದೋದಿಲ್ಲ ಅಂತ ನನ್ನ ಅಭಿಪ್ರಾಯ.

ಹಾಗಂತ ಎಲ್‌ಎಫ್‌ಟಿ ಅಂದ್ರೆ ಲಿವರ್ ಟೆಸ್ಟ್, ಸ್ಕ್ಯಾನ್ ನೋಡದೆ ನಾನು ಕಾಮಾಲೆ ರೋಗಿಗೆ ಒಂದು ಗುಳಿಗೆನೂ ಕೊಡೋದಿಲ್ಲ, ಅದನ್ನೂ ಹೇಳಿಬಿಡ್ತೇನೆ.

ಓದೋಹುಳ
ಭಟ್ರೇ, ಎಳ್ಳುಹಿಟ್ಟಿನ ವರ್ಣನೆ ಓದಿ ಖುಷಿ ಆಯ್ತು, ಎಷ್ಟು ಗಮನಿಸಿ ನೋಡಿದ್ದಾರೆ ನೋಡಿ. ಆದ್ರೆ "ಟ್ರಯಲ್ ಹೊಂದಲ್ಲ" ಅನ್ನೋದನ್ನ ಒಪ್ಪಲ್ಲ. ಕೊಯಮತ್ತೂರಲ್ಲಿ ಮಾಡಿ ತೋರ್ಸಿದ್ದಾರೆ. ರುಮಟಾಯ್ಡ್ ಆರ್ಥ್ರೈಟಿಸ್, ಅಂದ್ರೆ ಕೀಲು ಊದೋ ಒಂದು ಬಗೆ ಸಂಧಿವಾತ, ಇರೋ 43 ಜನ, ಮೂರು ಗುಂಪು: ಒಂದಕ್ಕೆ ಆಯುರ್ವೇದ, ಒಂದಕ್ಕೆ ಇಂಗ್ಲೀಷ್ ಔಷಧಿ ಮೆಥೊಟ್ರೆಕ್ಸೇಟ್, ಒಂದಕ್ಕೆ ಎರಡೂ. ಆಯುರ್ವೇದ ವೈದ್ಯರು ರೋಗಿ ನೋಡಿ ತಮಗೆ ಬೇಕಾದ ಹಾಗೆ ಔಷಧಿ ಬದಲಾಯಿಸ್ಬಹುದಿತ್ತು, ಆದ್ರೆ ರೋಗಿಗೆ ಸಿಗ್ತಿರೋದು ಅಸಲಿನಾ ನಕಲಿನಾ ಅಂತ ರೋಗಿಗೂ ಗೊತ್ತಿಲ್ಲ, ಗುಣ ಅಳೆಯೋರಿಗೂ ಗೊತ್ತಿಲ್ಲ. 36 ವಾರ ನಡೀತು, 2011ರಲ್ಲಿ ಪ್ರಕಟ ಆಯ್ತು, ಮೂರೂ ಗುಂಪು ಹೆಚ್ಚುಕಮ್ಮಿ ಒಂದೇ ಥರ ಸುಧಾರಿಸಿದ್ರು, ಅಡ್ಡ ಪರಿಣಾಮ ಆಯುರ್ವೇದದ ಕಡೆ ಕಮ್ಮಿ ಕಾಣ್ತು. 43 ಜನರ ಪೈಲಟ್ ಅಷ್ಟೇ, ಅದರಿಂದ ಏನೂ ಸಾಬೀತಾಗಲ್ಲ, ಆದ್ರೆ ದಾರಿ ಇದೆ ಅಂತ ಗೊತ್ತಾಯ್ತಲ್ಲ. ಅದಾದ್ಮೇಲೆ 400 ಜನರ ಮೇಲೆ ದೊಡ್ಡದಾಗಿ ಮಾಡ್ಬೇಕಿತ್ತು. ನನ್ನ ತಕರಾರು ಆಯುರ್ವೇದದ ಮೇಲಲ್ಲ, ಇಲಿಗೆ ವಿಷ ಹಾಕಿ ಲಿವರ್ ಕೆಡಿಸಿ ಕಷಾಯ ಕೊಟ್ಟು "ಲಿವರ್ ಉಳೀತು" ಅಂತ ಪೇಪರ್ ಮೇಲೆ ಪೇಪರ್ ಬರೆಯೋರ ಮೇಲೆ. ಮನುಷ್ಯರ ಮೇಲಿನ ಟ್ರಯಲ್‌ಗೆ ಅವ್ರು ಬರೋದೇ ಇಲ್ಲ.

ಬಿಎಎಂಎಸ್_ಭಟ್ರು
ಇಲಿ ಪೇಪರ್ ವಿಷಯಕ್ಕೆ ನನ್ನ ವಿರೋಧ ಇಲ್ಲ. ಎಂಡಿ ಥೀಸಿಸ್ ಮುಗಿಸೋ ಅವಸರದಲ್ಲಿ ಅಂಥದ್ದು ಸುಮಾರು ಆಗ್ತದೆ.

ಕುಡ್ಲದ_ಕೋರಿರೊಟ್ಟಿ
ಮಾರಾಯ್ರೆ ಇಷ್ಟು ದೊಡ್ಡ ಚರ್ಚೆಯಲ್ಲಿ ಸುಣ್ಣದ ನೀರಿನ ವಿಷಯ ಯಾರೂ ತೆಗೀಲೇ ಇಲ್ಲ. ಕೈಗೆ ಏನೋ ರಸ ಹಚ್ಚಿ ಸುಣ್ಣದ ನೀರಲ್ಲಿ ತೊಳೆಸ್ತಾರೆ, ನೀರು ಹಳದಿ ಆಗ್ತದೆ, ನೋಡಿ ಕಾಮಾಲೆ ಇಳೀತು ಅಂತಾರೆ. ನಮ್ಮ ಸಂಬಂಧಿಕರೊಬ್ಬರನ್ನು ಕರ್ಕೊಂಡು ಹೋದಾಗ ಜೊತೆಗೆ ಬಂದಿದ್ದ ರಿಕ್ಷಾ ಡ್ರೈವರ್ ಪೋಕ್ರಿ, ನಂದೂ ಒಂದು ತೊಳೀರಿ ಸ್ವಾಮಿ ಅಂತ ಕೈ ಚಾಚಿದ. ಅವನ ಕೈಯಿಂದಲೂ ಅಷ್ಟೇ ಹಳದಿ ಇಳೀತು! ಅವನಿಗೆ ಜಾಂಡೀಸೂ ಇಲ್ಲ ಎಂತದ್ದೂ ಇಲ್ಲ. ನೀವು ಹೋಲಿಕೆಗೆ ಇಡೋ ಕಂಟ್ರೋಲ್ ಗ್ರೂಪ್ ಅಂತ ಹೇಳೋದು ಇದನ್ನೇ ಅಲ್ವಾ.

ಮತ್ತೆ ಜಾಂಡೀಸ್ ಬಂದ ಕೂಡ್ಲೆ ಕಬ್ಬಿನ ಹಾಲು ಕುಡಿಸೋದು ಉಂಟಲ್ಲ, ರಸ್ತೆ ಬದಿಯ ಗಾಡಿಯಲ್ಲಿ, ಯಾವ ನೀರಿನದ್ದು ಅಂತ ಗೊತ್ತಿಲ್ಲದ ಐಸ್ ಹಾಕಿ! ಅಂಥ ನೀರಿಂದಲೇ ಕಾಯಿಲೆ ಬರೋದು.

ಮದ್ದೂರ್_ವಡೆ
ಕಬ್ಬಿನ ಹಾಲಿಗೆ ಯಾಕ್ ಬಂದ್ರಿ ಸಾ, ಅದು ನಮ್ ಮಂಡ್ಯದ ಜೀವ. ಐಸ್ ಇಲ್ದೆ ಕುಡೀರಿ. ಸರಿ, ಮಾವ ತಾನಾಗೇ ವಾಸಿ ಆದ್ರು ಅಂತಾನೇ ಇಟ್ಕೊಳಿ, ಸೊಪ್ಪಿನ ರಸ ಕುಡುದ್ರೆ ನಷ್ಟ ಏನು ಅಂತ ಯಾರಾದ್ರೂ ಹೇಳಿ. ಸೊಪ್ಪು ತಾನೇ, ಸೈಡ್ ಎಫೆಕ್ಟ್ ಎಲ್ಲಿಂದ ಬರ್ಬೇಕು.

ಲ್ಯಾಬ್‌ಸುಬ್ಬು
ಸೊಪ್ಪು ತಾನೇ ಅನ್ನೋ ಮಾತಿಗೆ ಅಮೃತಬಳ್ಳಿ ಉದಾಹರಣೆ ಸಾಕು ಅಣ್ಣಾ. ಕೋವಿಡ್ ಟೈಮಲ್ಲಿ ಇಮ್ಯೂನಿಟಿಗೆ ಅಂತ ಊರಿಗೆ ಊರೇ ಕುಡೀತಲ್ಲ. ಮುಂಬೈಯ ಲಿವರ್ ಡಾಕ್ಟ್ರು 2021ರಲ್ಲಿ 6 ಜನರ ಕೇಸ್ ಪ್ರಕಟ ಮಾಡಿದ್ರು, ಅಮೃತಬಳ್ಳಿ ತಗೊಂಡ್ಮೇಲೆ ಲಿವರ್ ಪೆಟ್ಟು ತಿಂದು ಜಾಂಡೀಸ್ ಬಂದಿದ್ದು. ಆಮೇಲೆ ದೇಶದ 13 ಆಸ್ಪತ್ರೆ ಸೇರಿ 43 ಜನರ ವಿವರ ಕೊಟ್ರು. ಆಯುಷ್ ಮಂತ್ರಾಲಯ ಒಪ್ಪಲಿಲ್ಲ, ಅದು ಅಮೃತಬಳ್ಳಿ ಅಲ್ಲ, ಅದೇ ಥರ ಕಾಣೋ ಇನ್ನೊಂದು ಬಳ್ಳಿ ಇರಬೇಕು ಅಂತು. ಇರ್ಲಿ ಬಿಡಿ, ಹಾಗಿದ್ರೂ ಮಾರ್ಕೆಟ್ಟಲ್ಲಿ ಯಾವ ಬಳ್ಳಿ ಸಿಗ್ತಿದೆ ಅಂತ ಜನರಿಗೆ ಹೆಂಗೆ ಗೊತ್ತಾಗ್ಬೇಕು? ಮೊದ್ಲೇ ಪೆಟ್ಟು ತಿಂದಿರೋ ಲಿವರ್‌ಗೆ ಹೆಸರಿಲ್ಲದ ರಸ ಹುಯ್ಯೋದು ಬೇಡ ಅನ್ನೋದು ಅದಕ್ಕೇ. ಎಣ್ಣೆ ಉಪ್ಪು ಬಿಡ್ಸೋದೂ ಬೇಕಿಲ್ಲ, ವಾಂತಿ ಆಗಿ ಸೊರಗಿರೋ ಹುಡುಗನಿಗೆ ಬರೀ ಗಂಜಿ ಹಾಕಿದ್ರೆ ಇನ್ನೂ ಸೊರಗ್ತಾನೆ. ಸೇರಿದ್ದನ್ನ ತಿನ್ಲಿ. ಕುಡಿತ ಮಾತ್ರ ಪೂರ್ತಿ ಬೇಡ, ಜ್ವರಕ್ಕೆ ಅಂತ ಪ್ಯಾರಸಿಟಮಾಲ್ ಕೂಡ ಡಾಕ್ಟ್ರನ್ನ ಕೇಳದೆ ನುಂಗೋದು ಬೇಡ.

ದುಬೈ_ದಾವಣಗೆರೆ
ನಷ್ಟ ಏನು ಅಂತ ಕೇಳಿದ್ರಲ್ಲ, ನಾನು ಹೇಳ್ತೀನಿ. ನಮ್ಮ ದೊಡ್ಡಪ್ಪನಿಗೆ 61 ವರ್ಷ, ನೋವಿಲ್ಲ ಜ್ವರ ಇಲ್ಲ, ಕಣ್ಣು ಹಳದಿ, ಮೈಯೆಲ್ಲಾ ತುರಿಕೆ, ತೂಕ ಇಳೀತಾ ಇತ್ತು. ಊರಲ್ಲಿ ಎರಡು ತಿಂಗಳು ಒಬ್ರಾದ್ಮೇಲೆ ಒಬ್ಬ ವೈದ್ಯರ ಹತ್ರ ಸುತ್ತಿದ್ರು, ಪ್ರತಿಯೊಬ್ರೂ ಹಿಂದಿನವನು ಕೊಟ್ಟಿದ್ದು ಸರಿಯಿಲ್ಲ ಅಂತ ಹೇಳಿ ಹೊಸ ಪಥ್ಯ ಶುರು ಮಾಡ್ಸಿದ್ರು. ಸ್ಕ್ಯಾನ್ ಮಾಡ್ಸೋ ಹೊತ್ತಿಗೆ ಮೇದೋಜೀರಕದ ಗಡ್ಡೆ, ಲಿವರ್‌ಗೂ ಹೋಗಿತ್ತು. ಮೊದಲೇ ಹೋಗಿದ್ರೆ ಉಳೀತಿದ್ರು ಅಂತ ನಾನು ಹೇಳಲ್ಲ, ಆ ಕ್ಯಾನ್ಸರ್ ಅಂಥದ್ದೇ. ಆದ್ರೆ ಆಪರೇಷನ್ ಆಗತ್ತಾ ಅಂತ ಕೇಳೋ ಅವಕಾಶಾನೇ ಇರ್ಲಿಲ್ಲ. ಭಟ್ರು ಹೇಳಿದ ಎಳ್ಳುಹಿಟ್ಟಿನ ಬಣ್ಣದ ಲಕ್ಷಣ ದೊಡ್ಡಪ್ಪನಿಗೆ ಇತ್ತು, ಆ ವೈದ್ಯರಲ್ಲಿ ಒಬ್ರೂ ಅದನ್ನ ಕೇಳ್ಲಿಲ್ಲ.

ಮದ್ದೂರ್_ವಡೆ
ಬೇಜಾರಾಯ್ತು ಸಾ ಓದಿ. ವಯಸ್ಸಾದವ್ರಿಗೆ ಸ್ಕ್ಯಾನ್ ಮೊದ್ಲು ಅನ್ನೋದು ಒಪ್ದೆ.

ಚೈತ್ರದಚಿಗುರು
ಎಲ್ರಿಗೂ ಥ್ಯಾಂಕ್ಸ್, ಎಲ್ಲಾ ಓದಿದೆ, ಅತ್ತೆಗೂ ಭಟ್ರ ಮೆಸೇಜು ಓದಿ ಹೇಳಿದೆ, ಚರಕ ಅಂದ ತಕ್ಷಣ ಸ್ವಲ್ಪ ಮೆತ್ತಗಾದ್ರು. ಟೆಸ್ಟ್ ಬಂತು: ಎಚ್‌ಇವಿ ಐಜಿಎಂ ಪಾಸಿಟಿವ್, ಎ ನೆಗೆಟಿವ್, ಎಚ್‌ಬಿಎಸ್‌ಎಜಿ ನೆಗೆಟಿವ್. ಐಎನ್‌ಆರ್ 1.1, ನಾರ್ಮಲ್. ಎಸ್‌ಜಿಪಿಟಿ ಆಗ್ಲೇ 900ಕ್ಕೆ ಬಂದಿದೆ, ಸುಬ್ಬು ಅವ್ರು ಹೇಳಿದ ಹಾಗೇ, ಬಿಲಿರುಬಿನ್ ಮಾತ್ರ ಇನ್ನೂ 8ರ ಮೇಲಿದೆ. ರಸದ ವಿಷ್ಯ ಮುಂದಿನ ವಾರದ ರಿಪೋರ್ಟ್ ನೋಡಿ ಅಂತ ಸದ್ಯಕ್ಕೆ ತಳ್ಳಿದೀನಿ. ಇನ್ನೊಂದು ಕೇಳೋದಿತ್ತು, ನನಗೆ ಈಗ 7 ತಿಂಗಳು. ಅವನ ತಟ್ಟೆ ಲೋಟ ಬೇರೆ ಇಟ್ಟಿದ್ದೀವಿ, ಅಷ್ಟು ಸಾಕಾ?

ಲ್ಯಾಬ್‌ಸುಬ್ಬು
ಮೇಡಂ ಇದನ್ನ ಮೊದಲನೇ ಸಾಲಲ್ಲೇ ಹೇಳ್ಬೇಕಿತ್ತು ನೀವು! ಹೆಪಟೈಟಿಸ್ ಇ ಮಿಕ್ಕ ಹೆಚ್ಚಿನವ್ರಿಗೆ ಬಂದು ಹೋಗೋ ಕಾಯಿಲೆ, ಆದ್ರೆ ಗರ್ಭಿಣಿಯರಿಗೆ ಕೊನೇ ಮೂರು ತಿಂಗಳಲ್ಲಿ ಬಂದ್ರೆ ಪ್ರಾಣಕ್ಕೆ ಅಪಾಯ. ಹೆದರಿಸ್ತಿಲ್ಲ, ಇವತ್ತೇ ನಿಮ್ಮ ಹೆರಿಗೆ ಡಾಕ್ಟ್ರಿಗೆ ಫೋನ್ ಮಾಡಿ ಮನೇಲಿ ಎಚ್‌ಇವಿ ಕೇಸ್ ಇದೆ ಅಂತ ಹೇಳಿ, ನಿಮ್ಮ ಎಲ್‌ಎಫ್‌ಟಿ ಒಂದು ಮಾಡ್ಸಿ. ಇದು ಮನುಷ್ಯರಿಂದ ಮನುಷ್ಯರಿಗೆ ಹರಡೋದು ಕಮ್ಮಿ, ಮುಖ್ಯವಾಗಿ ನೀರಿಂದ ಬರತ್ತೆ, ಅವನಿಗೆ ಹಾಸ್ಟೆಲಲ್ಲೇ ಬಂದಿದ್ರೆ ನಿಮ್ಮ ಮನೆ ನೀರಿಗೆ ಸಂಬಂಧ ಇಲ್ದೆ ಇರಬಹುದು. ಆದ್ರೂ ಕುದಿಸಿ ಆರಿಸಿದ ನೀರು ಬಿಟ್ಟು ಬೇರೆ ಕುಡೀಬೇಡಿ, ಹೊರಗಿನ ಚಟ್ನಿ ಜ್ಯೂಸ್ ಐಸ್ ಯಾವ್ದೂ ಬೇಡ, ಆಗೋದಾದ್ರೆ ಅವನು ಬಳಸೋ ಟಾಯ್ಲೆಟ್ ಬೇರೆ ಇರ್ಲಿ, ಅದನ್ನ ತೊಳೆಯೋ ಕೆಲ್ಸ ನೀವು ಮಾಡೋದು ಬೇಡ.

ಬಿಎಎಂಎಸ್_ಭಟ್ರು
ಸುಬ್ಬು ಹೇಳಿದ್ದಕ್ಕೆ ನನ್ನದೂ ಒಪ್ಪಿಗೆ. ತಂಗೀ, ಮುಂಜಾಗ್ರತೆಗೆ ಅಂತ ನಿಮಗೂ ಆ ರಸ ಒಂದು ಲೋಟ ಕುಡಿಸ್ತೇನೆ ಅಂತ ಮನೆಯಲ್ಲಿ ಹೊರಟ್ರೆ ಖಂಡಿತಾ ಬೇಡ ಅನ್ನಿ. ಗರ್ಭಿಣಿಗೆ ವಿರೇಚನ ಆಗೋ ಯಾವುದನ್ನೂ ನಾವು ಕೊಡೋದಿಲ್ಲ, ನನ್ನ ಹೆಸರು ಹೇಳಿದ್ರೂ ಅಡ್ಡಿಲ್ಲ.

ಹುಬ್ಬಳ್ಳಿ_ಗಿರ್ಮಿಟ್
ಇದಕ್ಕ ಲಸಿಕೆ ಇಲ್ಲೇನ್ರೀ? ಬಿ ಗೆ ಅದ ಅಲ್ಲ, ಹುಟ್ಟಿದ ಕೂಸಿಗೆ 24 ತಾಸಿನ್ಯಾಗ ಹಾಕ್ತಾರ.

ಓದೋಹುಳ
ಬಿ ಗೆ ಇದೆ, ಎ ಗೂ ಇದೆ. ಇ ಗೆ ಚೀನಾದವ್ರು ಮಾಡಿ 2011ರಲ್ಲೇ ಅಲ್ಲಿ ಅನುಮತಿ ಕೊಟ್ಟಿದ್ದಾರೆ, ನಮ್ಮಲ್ಲಿ ಆಸ್ಪತ್ರೆಗೆ ಹೋಗಿ ಹಾಕ್ಸಿಕೊಳ್ಳೋ ಹಾಗೆ ಸಿಗಲ್ಲ. ಚೈತ್ರ ಅವ್ರೇ, ಆ ಹಾಸ್ಟೆಲಲ್ಲಿ ಬೇರೆ ಹುಡುಗರಿಗೂ ಬಂದಿದ್ಯಾ ಅಂತ ನಿಮ್ಮ ಮೈದುನನ್ನ ಕೇಳಿ. ಬಂದಿದ್ರೆ ವಾರ್ಡನ್‌ಗೂ, ಅಲ್ಲಿನ ಆರೋಗ್ಯ ಇಲಾಖೆಗೂ ತಿಳಿಸಿ, ಟ್ಯಾಂಕ್ ನೀರು ಟೆಸ್ಟ್ ಆಗ್ಬೇಕು.

ಚೈತ್ರದಚಿಗುರು
ಡಾಕ್ಟ್ರಿಗೆ ಫೋನ್ ಮಾಡಿದೆ, ನಾಳೆ ಬೆಳಗ್ಗೆ ಬರೋಕೆ ಹೇಳಿದ್ದಾರೆ. ಹಾಸ್ಟೆಲಲ್ಲಿ ಅವನ ರೂಮ್‌ಮೇಟ್‌ಗೂ ಪಕ್ಕದ ರೂಮಿನ ಇಬ್ಬರಿಗೂ ಆಗಿದ್ಯಂತೆ, ಮೂರೂ ಜನ ಊರಿಗೆ ಹೋಗಿ ಸೊಪ್ಪಿನ ರಸ ಕುಡೀತಿದ್ದಾರಂತೆ, ಅದಕ್ಕೇ ಯಾರೂ ವಾರ್ಡನ್‌ಗೆ ಹೇಳೇ ಇಲ್ಲ. ಈಗ ನಮ್ಮೆಜಮಾನ್ರು ವಾರ್ಡನ್ ನಂಬರ್ ಹುಡುಕ್ತಿದ್ದಾರೆ.